ಏಳುಮಲೈ ಮಾಮನ ಮಾತು

ಆ ಕಾಲದಲ್ಲಿ ಬೇಸಿಗೆ ರಜ ಅಂದರೆ ನಮಗೆ ಕೆ.ಜಿ.ಎಫ್ ಚಿನ್ನದ ಗಣಿಯ ಮೈಸೂರು ಮೈನ್ಸಿನಲ್ಲಿದ್ದ ಅತ್ತೆ ಮನೆ, ಅಷ್ಟೇ. ಬೇರೆ ಊರುಗಳೂ ಇವೆ ಎಂದು ಪಾಠದಲ್ಲಿ ಓದುತ್ತಿದ್ದೆವು. ಪರೀಕ್ಷೆ ಮುಗಿದ ಮಾರನೆಯ ಬೆಳಿಗ್ಗೆ ಅಪ್ಪ ಡೈರಿಗೆ ಹಾಲು ಹಾಕಿ ಬಂದು, ಕಾಮಸಮುದ್ರದಲ್ಲಿ ನನ್ನನ್ನು ಬಸ್ಸು ಹತ್ತಿಸುತ್ತಿದ್ದರು. ತೊಡೆಯ ಮೇಲೆ ಮಾವಿನಕಾಯಿ ಚೀಲ, ಕಾಲ ಬುಡದಲ್ಲಿ ಅತ್ತೆಗೆಂದು ಅಮ್ಮ ಕೊಟ್ಟ ರಾಗಿಹಿಟ್ಟಿನ ಗಂಟು. ಬಸ್ಸಿಳಿದರೆ ಮೊದಲು ಮೂಗಿಗೆ ಬಡಿಯುತ್ತಿದ್ದುದು ಯಾರದೋ ಒಲೆಯ ಮೇಲೆ ಸುಡುತ್ತಿದ್ದ ಒಣಮೀನಿನ ವಾಸನೆ. ಆಮೇಲೆ ಸೈನೈಡ್ ಗುಡ್ಡದ ಧೂಳು. ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಆ ಬೂದು ಗುಡ್ಡದಿಂದ ಗಾಳಿ ಎದ್ದರೆ ಅತ್ತೆ ಓಡಿ ಬಂದು ಅನ್ನದ ಪಾತ್ರೆಗೆ ತಟ್ಟೆ ಮುಚ್ಚುತ್ತಿದ್ದಳು. ಆದರೂ ಹಲ್ಲಿನ ನಡುವೆ ಕರಕರ ತಪ್ಪುತ್ತಿರಲಿಲ್ಲ.

ಅತ್ತೆಯ ಗಂಡ ಗಣಿಯಲ್ಲಿ ವಾಚ್‌ಮನ್ ಆಗಿದ್ದವರು. ಅವರಿದ್ದ ಗಣಿಯ ಸಾಲುಮನೆಗಳಲ್ಲಿ, ಅಂದರೆ ಲೈನಿನಲ್ಲಿ, ಪಕ್ಕದ ಮನೆಯೇ ಸೆಲ್ವಿಯದು. ಅವಳೂ ನಾನೂ ಒಂದೇ ವಾರಿಗೆಯವರು. ಅವಳು ಓದುತ್ತಿದ್ದುದು ತಮಿಳು ಶಾಲೆ, ಕನ್ನಡ ಅರ್ಧಂಬರ್ಧ. ವರ್ಷವರ್ಷವೂ ಅವಳ ಜೊತೆ ಕುಂಟೆಬಿಲ್ಲೆ ಆಡಿ, ರಟ್ಟಿನ ಮೇಲೆ ಕೂತು ಗುಡ್ಡದಿಂದ ಜಾರಿ, ನಾನೇ ತಮಿಳು ಕಲಿತುಬಿಟ್ಟಿದ್ದೆ.

ಅವಳ ಅಪ್ಪ ಏಳುಮಲೈ ಮಾಮ ಗಣಿಯೊಳಗೆ ಬಂಡೆಗೆ ರಂಧ್ರ ಕೊರೆಯುತ್ತಿದ್ದವರು. ಗಣಿ ಮುಚ್ಚಿ ಒಂದೆರಡು ವರ್ಷವಾಗಿತ್ತು. ಪಾಳಿ ಬದಲಾಗುವಾಗ ಕೂಗುತ್ತಿದ್ದ ಸಂಗು, ಅಂದರೆ ಗಣಿಯ ಸೈರನ್ನು, ನಿಂತುಹೋಗಿತ್ತು. ಮಾಮ ಮಾತ್ರ ಪಾಳಿಯ ಹೊತ್ತಿಗೆ ಸರಿಯಾಗಿ ಎದ್ದು, ಸ್ನಾನ ಮಾಡಿ, ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂರುತ್ತಿದ್ದರು. ಎದೆಯಲ್ಲಿ ಕಲ್ಲಿನ ಧೂಳು ಕೂತಿತ್ತು. ಕೆಮ್ಮು ಬಂದಾಗ ಮನೆಯ ಹಿಂದಕ್ಕೆ ಹೋಗಿ ಕೆಮ್ಮಿ, ಬಾಯಿ ತೊಳೆದುಕೊಂಡು ಬರುತ್ತಿದ್ದರು. ಯಾರೆದುರಿಗೂ ಕೆಮ್ಮಿದವರಲ್ಲ.

ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಆ ಬೀದಿಗೆ ಡಾಕ್ಯುಮೆಂಟರಿಯವರು ಬಂದರು. ಒಬ್ಬಳು ಬಿಳಿ ಹೆಂಗಸು, ಕ್ಯಾಮೆರಾ ಹಿಡಿದ ಅವಳ ದೇಶದವನೇ ಒಬ್ಬ, ಅವರಿಗೆ ಮಾತು ತಿಳಿಸಲು ಬೆಂಗಳೂರಿನ ಪ್ರಕಾಶಣ್ಣ. ಲೋಕದಲ್ಲಿ ಎಲ್ಲೆಲ್ಲಿ ಗಣಿಗಳು ಮುಚ್ಚಿವೆಯೋ ಅಲ್ಲೆಲ್ಲ ಹೋಗಿ ಜನರ ಕಥೆ ತೆಗೆಯುತ್ತಿದ್ದರಂತೆ. ನಮ್ಮ ಬೀದಿಯವರಿಗೆ ಅದೂ ಸಿನಿಮಾವೇ. "ಈರೋಯಿನ್ ಎಲ್ಲಿ?" ಎಂದು ಅತ್ತೆ ಬಾಗಿಲಲ್ಲೇ ನಿಂತು ಕೇಳಿದಳು.

ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಗ ಆ ಹೆಂಗಸು ತಾನು ಹಿಂದೆ ತೆಗೆದಿದ್ದ ಚಿತ್ರವನ್ನು ತೋರಿಸುತ್ತೇನೆ ಎಂದಳು. ಹೊತ್ತು ಮುಳುಗುವಾಗ ಎರಡು ಬೇವಿನ ಮರಗಳ ನಡುವೆ ಮಾಮನ ಬಿಳಿ ಪಂಚೆ ಕಟ್ಟಿದರು. ಬೀದಿಯೇ ಬಂದು ನೆಲದ ಮೇಲೆ ಕೂತಿತು. ಹಿಮ ಬೀಳುವ ಯಾವುದೋ ದೇಶ, ಕಲ್ಲಿದ್ದಲಿನ ಗಣಿ. ಮಸಿ ಬಳಿದ ಮುಖದ ಗಂಡಸರು, ಗೇಟಿನ ಮುಂದೆ ಕೈಕಟ್ಟಿ ನಿಂತ ಹೆಂಗಸರು. ಕೊನೆಯಲ್ಲಿ ಒಬ್ಬ ಮುದುಕ ತನ್ನ ಮನೆಯ ಮುಂದೆ ಕುರ್ಚಿಯಲ್ಲಿ ಕೂತು ತುಂಬ ಹೊತ್ತು ಮಾತಾಡಿದ. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಯಾರೂ ಎದ್ದು ಹೋಗಲಿಲ್ಲ.

"ಅಲ್ಲೂ ಮುಚ್ಚುಬುಟ್ರಾ?" ಎಂದಳು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಂಡು.

ಏಳುಮಲೈ ಮಾಮ ನನ್ನನ್ನು ಹತ್ತಿರ ಕರೆದರು. ಮುದ್ದಿಗೆ ಅವರು ನನ್ನನ್ನು 'ಕಣ್ಣು' ಎನ್ನುತ್ತಿದ್ದರು. ಅವರಿಗೆ ಬರುತ್ತಿದ್ದ ಕನ್ನಡ ಅಂಗಡಿಗೆ, ಬಸ್ಸಿಗೆ ಸಾಕಾಗುವಷ್ಟು. ಮನಸ್ಸಿನ ಮಾತಿಗೆ ತಮಿಳೇ ಬೇಕು. "ಕಣ್ಣು, ಆ ಅಮ್ಮನಿಗೆ ಹೇಳು, ನಾನೂ ಮಾತಾಡ್ತೀನಿ ಅಂತ. ಆ ಅಜ್ಜನ ಹಾಗೇ, ಕುರ್ಚಿಯಲ್ಲಿ ಕೂತು" ಎಂದರು.

ಪ್ರಕಾಶಣ್ಣನಿಗೆ ತಮಿಳು ಬರುತ್ತಿರಲಿಲ್ಲ. ಹೀಗಾಗಿ ಮಾಮನ ತಮಿಳನ್ನು ನಾನು ಕನ್ನಡಕ್ಕೆ, ನನ್ನ ಕನ್ನಡವನ್ನು ಪ್ರಕಾಶಣ್ಣ ಇಂಗ್ಲಿಷಿಗೆ ದಾಟಿಸುವುದೆಂದಾಯಿತು. ನನಗೆ ಬಂದ ಕೊಬ್ಬು ಹೇಳತೀರದು. ಅತ್ತೆ ನನಗೆ ಎರಡು ಜಡೆ ಹಾಕಿ, ಹೊಸ ಟೇಪು ಕಟ್ಟಿದಳು.

ಮಾರನೆಯ ಮಧ್ಯಾಹ್ನ ಮಾಮ ಮದುವೆಯ ಬಿಳಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತರು. ಅಂಗಿ ಹೆಗಲಿನಿಂದ ಜೋತಾಡುತ್ತಿತ್ತು. ಸೆಲ್ವಿ ಇರಲಿಲ್ಲ, ನೀರಿನ ಸಾಲಿನಲ್ಲಿ ಕೊಡ ಇಟ್ಟುಕೊಂಡು ನಿಂತಿದ್ದಳು. ಮಾಮ ಮಾತಾಡಿದರು. ಪಾತಾಳದ ಸೆಖೆ, ಅಲ್ಲಿ ಹಿಂಡಿ ಹಿಂಡಿ ತೊಡುತ್ತಿದ್ದ ಬನಿಯನ್ನು, ಊಟದ ಹೊತ್ತಿಗೆ ಬರುತ್ತಿದ್ದ ಇಲಿಗಳಿಗೆ ಒಂದು ತುತ್ತು ಎತ್ತಿಡುತ್ತಿದ್ದುದು. ಮಾತು ಮುಗಿಯಲೇ ಇಲ್ಲ. ಅವರು ಅಷ್ಟು ಮಾತಾಡಬಲ್ಲರೆಂದು ನನಗೆ ಗೊತ್ತಿರಲಿಲ್ಲ. ನಡುನಡುವೆ ಮಾತು ನಿಲ್ಲಿಸಿ, ತುಟಿ ಬಿಗಿದು, ಕೆಮ್ಮನ್ನು ನುಂಗಿಕೊಂಡು ಮತ್ತೆ ಶುರು ಮಾಡುತ್ತಿದ್ದರು.

ಎಲ್ಲ ಮುಗಿದು, ಕ್ಯಾಮೆರಾ ಕೆಳಗಿಳಿಸಿ, ಅವರನ್ನು ಬೀಳ್ಕೊಡಲು ಮಾಮ ಎದ್ದು ನಿಂತಾಗ ತಡೆದಿಟ್ಟಿದ್ದ ಕೆಮ್ಮು ಬಂದೇಬಿಟ್ಟಿತು. ಬಿಳಿ ಹೆಂಗಸು ತಿರುಗಿ ನೋಡಿ ಪ್ರಕಾಶಣ್ಣನಿಗೆ ಮೆಲ್ಲಗೆ ಏನೋ ಹೇಳಿದಳು. ಅವನು ನನ್ನ ಮುಖ ನೋಡದೆ ಹೇಳಿದ, "ಇನ್ನೊಂದ್ಸಲ ಹಾಗೇ ಕೆಮ್ಮೋಕೆ ಆಗುತ್ತಾ ಕೇಳು ಪುಟ್ಟಿ. ಕ್ಯಾಮೆರಾ ಆಫ್ ಆಗಿತ್ತು."

ನಾನು ಕೇಳಿದೆ. ಒಂದು ಕ್ಷಣವೂ ತಡಮಾಡಲಿಲ್ಲ. ನನಗದು ದಾಟಿಸಬೇಕಾದ ಇನ್ನೊಂದು ಮಾತು, ಅಷ್ಟೇ.

ಮಾಮ ನನ್ನನ್ನೇ ನೋಡಿದರು. ಬೈಯಲಿಲ್ಲ. ಮತ್ತೆ ಕುರ್ಚಿಯಲ್ಲಿ ಕೂತು, ನಾಟಕದವರ ಹಾಗೆ ಸಣ್ಣಗೆ ಕೆಮ್ಮಿದರು. ಸುಳ್ಳು ಕೆಮ್ಮು ನಿಜದ ಕೆಮ್ಮನ್ನು ಎಬ್ಬಿಸಿತು. ಅದು ನಿಲ್ಲಲಿಲ್ಲ. ಮಂಡಿಯ ಮೇಲೆ ಬಾಗಿ, ಕುತ್ತಿಗೆಯ ನರ ಉಬ್ಬಿ, ಬಿಳಿ ಅಂಗಿಯ ತೋಳಿಗೇ ಬಾಯಿ ಒತ್ತಿಕೊಂಡರು. ಕ್ಯಾಮೆರಾ ಓಡುತ್ತಿತ್ತು. ಅಷ್ಟರಲ್ಲಿ ಕೊಡ ಹೊತ್ತು ಬಂದ ಸೆಲ್ವಿ ಕೊಡವನ್ನು ಅಲ್ಲೇ ಕುಕ್ಕಿ, ಅಪ್ಪನ ಬೆನ್ನು ನೀವುತ್ತಾ ಕ್ಯಾಮೆರಾದ ಕಡೆ ಕೈ ಅಡ್ಡ ಹಿಡಿದಳು. ಅಂದು ಸಂಜೆ ನಾವು ಆಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಪ್ರಕಾಶಣ್ಣ ಒಬ್ಬನೇ ಸಿ.ಡಿ. ಹಿಡಿದುಕೊಂಡು ಬಂದ. ಬೀದಿಯಲ್ಲಿ ಟಿವಿ ದೊಡ್ಡದಿದ್ದುದು ಅತ್ತೆ ಮನೆಯಲ್ಲೇ. ಮಾಮ ಎಲ್ಲರನ್ನೂ ತಾವೇ ಕರೆದಿದ್ದರು. ಎರಡೆರಡು ಹೆಜ್ಜೆಗೆ ನಿಲ್ಲುವಷ್ಟು ಬಡವಾಗಿದ್ದರೂ ಅದೇ ಅಂಗಿ ತೊಟ್ಟು ಬಂದು ಮುಂದೆ ಕೂತರು. ಚಿತ್ರದಲ್ಲಿ ಒಂದಾದ ಮೇಲೊಂದು ದೇಶ ಬಂತು. ಆಮೇಲೆ ನಮ್ಮ ಬೂದು ಗುಡ್ಡ. ರಟ್ಟಿನ ಮೇಲೆ ಜಾರುವ ಮಕ್ಕಳು. ಆಮೇಲೆ ಮಾಮ, ಮಂಡಿಯ ಮೇಲೆ ಬಾಗಿ ಕೆಮ್ಮುತ್ತಿರುವ ಮಾಮ. ಅದರ ಮೇಲೆ ಯಾರದೋ ಇಂಗ್ಲಿಷ್ ದನಿ. ಅಷ್ಟರಲ್ಲಿ ಇನ್ನೊಂದು ದೇಶ ಬಂದೇಬಿಟ್ಟಿತು.

ಮಾಮ ಪರದೆಯಿಂದ ಕಣ್ಣು ತೆಗೆಯದೆ ನನ್ನನ್ನು ಕೇಳಿದರು, "ಕಣ್ಣು, ನಾನು ಮಾತಾಡಿದ್ದು ಇನ್ನುಮೇಲೆ ಬರುತ್ತಾ?"

ನಾನು ಪ್ರಕಾಶಣ್ಣನನ್ನು ಕೇಳಿದೆ. ಅವನು ತಲೆ ತಗ್ಗಿಸಿದ. "ತುಂಬ ಉದ್ದ ಆಯ್ತು ಅಂತ ತೆಗೆದುಬಿಟ್ರು ಪುಟ್ಟಿ. ಹೇಗೆ ಹೇಳ್ತೀಯೋ ಹೇಳು."

ಕೆಮ್ಮಲು ಹೇಳಿದ್ದ ಅದೇ ಬಾಯಿಂದ, "ಎರಡನೇ ಭಾಗ ಇದೆಯಂತೆ ಮಾಮ. ಅದರಲ್ಲಿ ಪೂರ್ತಿ ನಿಮ್ಮ ಮಾತೇ ಅಂತೆ" ಎಂದುಬಿಟ್ಟೆ.

ಮಾಮನ ಮುಖ ಅರಳಿತು. ಬೀದಿಯವರಿಗೆಲ್ಲ ಅದನ್ನೇ ಹೇಳಿದರು, ಎರಡನೇ ಭಾಗ ಬರುತ್ತದೆ, ಆಗ ನೋಡಿ ಎಂದು. ಮಳೆಗಾಲದಲ್ಲಿ ಅವರು ಹೋದರು ಎಂದು ಅತ್ತೆಯಿಂದ ಸುದ್ದಿ ಬಂತು. ಸಾಯುವ ವಾರವೂ ಎರಡನೇ ಭಾಗ ಬಂತಾ ಎಂದು ಕೇಳಿದ್ದರಂತೆ. ಆಮೇಲೆ ಅತ್ತೆಯವರೂ ಲೈನ್ ಬಿಟ್ಟು ಬೂದಿಕೋಟೆಯ ಕಡೆ ಹೊಲಕ್ಕೆ ಮರಳಿದರು. ನನ್ನ ರಜೆಗಳಿಗೆ ಮೈಸೂರು ಮೈನ್ಸು ಇಲ್ಲವಾಯಿತು.

ಈಗ ನಾನು ಮಾಲೂರಿನ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತುತ್ತೇನೆ. ಕೆ.ಜಿ.ಎಫ್‌ನಿಂದಲೇ ತುಂಬಿ ಬರುವ ರೈಲು ಅದು. ಹೋದ ವರ್ಷ ಒಂದು ಬೆಳಿಗ್ಗೆ, ಹೆಂಗಸರ ಬೋಗಿಯಲ್ಲಿ ಯಾರೋ ನನ್ನ ತೋಳು ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಸೆಲ್ವಿ! ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕೆಲಸ. ಅವಳ ಕನ್ನಡ ಈಗ ನನ್ನದಕ್ಕಿಂತ ಜೋರು, ನನ್ನ ತಮಿಳಿಗೆ ತುಕ್ಕು ಹಿಡಿದಿದೆ.

ಅದೂ ಇದೂ ಮಾತಾದ ಮೇಲೆ ಅವಳು ಫೋನ್ ತೆಗೆದಳು. "ನೋಡು ಮಂಜಿ, ನಮ್ ತಮ್ಮ ನೆಟ್ಟಲ್ಲಿ ಹುಡ್ಕಿಕೊಟ್ಟ." ಕೆಮ್ಮುತ್ತಿರುವ ಮಾಮ. ಅವಳು ದನಿ ಜೋರು ಮಾಡಿದಳು. "ಅಪ್ಪನ್ ದನಿ ಅಂತ ಮನೇಲಿ ಇರೋದು ಇದೊಂದೇ ಕಣೇ. ತಿಥಿ ದಿನ ಹಾಕ್ತೀವಿ. ನೀನು ಟೀಚರು, ಇಂಗ್ಲಿಷ್ ಗೊತ್ತಲ್ಲ. ಆ ಎರಡನೇ ಭಾಗ ಎಲ್ಲಾದ್ರೂ ಸಿಗುತ್ತಾ ನೋಡ್ತೀಯಾ? ನಾನು ಹುಡುಕ್ತಾನೇ ಇದೀನಿ."

ಟೇಕಲ್ ದಾಟಿತ್ತು. "ಇಲ್ಲ ಸೆಲ್ವಿ. ಎರಡನೇ ಭಾಗಾನೇ ಇಲ್ಲ. ಅವತ್ತು ಮಾಮನ ಮುಖ ನೋಡೋಕಾಗ್ದೆ ನಾನೇ ಹುಟ್ಟಿಸಿ ಹೇಳಿದ್ದು."

ಅವಳು ಫೋನಿನ ಮೇಲೆ ಬೆರಳಾಡಿಸುತ್ತಾ ಕೂತಳು. "ಅಪ್ಪ ಅದನ್ನ ನಂಬ್ಕೊಂಡು ಖುಷಿಯಾಗೇ ಹೋದ್ರು. ಅದಕ್ಕೆ ನಿನ್ನ ಏನೂ ಅನ್ನಲ್ಲ" ಎಂದಳು. ಮತ್ತೆ, "ನಂಗಾದ್ರೂ ಒಂದ್ ಮಾತು ಯೋಳ್ಬೋದಿತ್ತು ಮಂಜಿ."

ಮಾಲೂರು ಬಂತು. ನಾನು ಇಳಿಯಲಿಲ್ಲ.

"ಸರಿ, ನೀನೇ ಯೋಳು" ಎಂದಳು. "ಅವತ್ತು ಅಪ್ಪ ಏನೇನ್ ಮಾತಾಡಿದ್ರು? ನಾನು ನೀರಿಗೆ ನಿಂತಿದ್ದೆ."

ನಾನು ಶುರು ಮಾಡಿದೆ. ಸೆಖೆ, ಬನಿಯನ್ನು, ಇಲಿ. ಮೊದಲ ದಿನ ಕೆಳಗಿಳಿಯುವಾಗ ಕಿವಿ ಕಟ್ಟಿಕೊಂಡಿದ್ದು. ಆಮೇಲೆ, ಅವಳು ಹುಟ್ಟಿದ ದಿನ ಮಾಮ ಕೆಳಗೇ ಇದ್ದರಂತೆ. ಮೇಲಿನಿಂದ ಬಂದ ಖಾಲಿ ಟ್ರಾಲಿಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ 'ಹೆಣ್ಣುಮಗು' ಎಂದು ಬರೆದು ಕಳಿಸಿದ್ದರಂತೆ. ಸೆಲ್ವಿ ನನ್ನ ಕೈ ಬಿಗಿಯಾಗಿ ಹಿಡಿದಳು.

"ಯಾರು ಬರೆದಿದ್ದು?"

"ಹೆಸರು ಹೇಳಿದ್ರು. ಮರೆತೋಗಿದೆ."

"ಆಮೇಲೆ?"

ಆಮೇಲೆ ಏನೆಂದು ನೆನಪಿಸಿಕೊಳ್ಳಲು ನೋಡಿದೆ. ಅವರ ಕೈ ಆಡುತ್ತಿದ್ದುದು ಕಾಣುತ್ತದೆ, ತುಟಿ ಕಾಣುತ್ತದೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಬ್ಬರಿಗೆ ದಾಟಿಸಿದ ಮಾತು ನನ್ನೊಳಗೆ ನಿಂತಿರಲಿಲ್ಲ. ಅವಳು ಕಾಯುತ್ತಲೇ ಇದ್ದಳು. ಒಂದಿಡೀ ಮಧ್ಯಾಹ್ನ ಮಾತಾಡಿದ್ದ ಮನುಷ್ಯನ ಮಾತು, ವೈಟ್‌ಫೀಲ್ಡ್ ಬರುವುದರೊಳಗೆ ಮುಗಿದುಹೋಯಿತು.