ಲೊಮಾವೆಯ ಮೊಹರು

ಲಿನ್‌ವುಡ್‌ನ ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದಾದ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಗ್ಲೋರಿಯಾ ಸಿಕ್ವೇರಾ ಅವರ ಮನೆ. ಅದರ ಬಾಗಿಲಿಗೆ ಹನ್ನೊಂದು ವರ್ಷ ಒಂದು ಹಿತ್ತಾಳೆಯ ಫಲಕವಿತ್ತು. ‘ಲೊಮಾವೆ ಗಣರಾಜ್ಯ, ಗೌರವ ಕಾನ್ಸಲ್’ ಎಂದು ಇಂಗ್ಲಿಷಿನಲ್ಲಿ ಕೆತ್ತಿದ ಫಲಕ. ಪಾರ್ಸೆಲ್ ತರುವವರು ಅದನ್ನು ಮನೆಯವರ ಹೆಸರೆಂದೇ ತಿಳಿದು ಅವರನ್ನು ಮಿಸೆಸ್ ಲೊಮಾವೆ ಎಂದು ಕರೆಯುತ್ತಿದ್ದರು. ಗ್ಲೋರಿಯಾ ತಿದ್ದಲು ಹೋಗುತ್ತಿರಲಿಲ್ಲ.

ಲೊಮಾವೆ ಪೆಸಿಫಿಕ್ ಸಾಗರದ ನಡುವೆ ಚದುರಿ ಬಿದ್ದ ಇಪ್ಪತ್ತೆರಡು ದ್ವೀಪಗಳ ದೇಶ. ಜನಸಂಖ್ಯೆ ಹನ್ನೊಂದು ಸಾವಿರ. ಸೈನ್ಯವಿಲ್ಲ. ಒಂದು ಗಸ್ತು ದೋಣಿ, ಅದಕ್ಕೆ ಒಂಬತ್ತು ನಾವಿಕರು. ದೇಶದ ರಕ್ಷಣೆಯೆಂದರೆ ಅಷ್ಟೇ. ಹೊರದೇಶದಲ್ಲಿ ಸಂಬಳದ ರಾಯಭಾರಿ ಒಬ್ಬರೇ, ಲಿನ್‌ವುಡ್ ಇರುವ ದೇಶದ್ದೇ ಆಚೆ ತುದಿಯ ನ್ಯೂಯಾರ್ಕಿನಲ್ಲಿ. ಉಳಿದ ಕಡೆ ಗ್ಲೋರಿಯಾರಂಥ, ಸಂಬಳ ಕೇಳದ ಗೌರವ ಕಾನ್ಸಲ್‌ಗಳು. ವಿದೇಶಾಂಗ ಇಲಾಖೆಯ ಕಾರ್ಯದರ್ಶಿ ಅಟೆಲಾ ಎಂಬಾಕೆ. ವಿದೇಶಾಂಗದ ಜೊತೆಗೆ ಪೊಲೀಸು, ಗಸ್ತು ದೋಣಿ, ಮೀನುಗಾರಿಕೆಯ ಪರವಾನಗಿ ಎಲ್ಲವೂ ಆಕೆಯ ಒಂದೇ ಮೇಜಿನ ಮೇಲೆ ಇತ್ಯರ್ಥವಾಗಬೇಕು.

ಮಂಗಳೂರಿನ ಬೆಂದೂರಿನಲ್ಲಿ ಹುಟ್ಟಿ ನರ್ಸಿಂಗ್ ಕಲಿತ ಗ್ಲೋರಿಯಾ, ಮದುವೆಯಾದ ಮೇಲೆ ಗಂಡ ರಾಯ್ಸ್ಟನ್ ಅವರೊಡನೆ ಆ ದೇಶಕ್ಕೆ ಹೋಗಿ ಒಂಬತ್ತು ವರ್ಷ ದುಡಿದಿದ್ದರು. ರಾಯ್ಸ್ಟನ್ ಗಸ್ತು ದೋಣಿಯ ಇಂಜಿನ್ ನೋಡಿಕೊಳ್ಳುತ್ತಿದ್ದರು. ಗ್ಲೋರಿಯಾ ದೇಶಕ್ಕಿದ್ದ ಒಂದೇ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತಿದ್ದರು. ಅಟೆಲಾಳ ಇಬ್ಬರು ಮಕ್ಕಳನ್ನೂ ಮೊದಲು ಎತ್ತಿಕೊಂಡ ಕೈ ಅವರದೇ. ಮುಂದೆ ಲಿನ್‌ವುಡ್‌ಗೆ ಹತ್ತಿರದ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ರಾಯ್ಸ್ಟನ್‌ಗೆ ಕೆಲಸವಾಗಿ ದಂಪತಿಗಳು ಇತ್ತ ಬಂದರು. ಆರು ವರ್ಷದ ಹಿಂದೆ ರಾಯ್ಸ್ಟನ್ ತೀರಿಕೊಂಡರು. ಫಲಕ ಉಳಿಯಿತು, ಕೆಲಸವೂ ಉಳಿಯಿತು.

ಈ ರಾಜ್ಯದಲ್ಲಿ ಲೊಮಾವೆಯವರು ನೂರೈವತ್ತು ಮಂದಿ ಇದ್ದಾರೆ. ಮೀನು ಕಾರ್ಖಾನೆಯಲ್ಲಿ ನಿಂತು ದುಡಿಯುವವರೇ ಹೆಚ್ಚು. ಪಾಸ್‌ಪೋರ್ಟಿನ ಅರ್ಜಿ ತುಂಬಲು, ಮಗುವಿನ ಜನನ ದಾಖಲಿಸಲು, ಆಸ್ಪತ್ರೆಯಲ್ಲಿ ವೈದ್ಯರ ಮಾತನ್ನು ತಮ್ಮ ಭಾಷೆಯಲ್ಲಿ ಕೇಳಲು ಅವರು ಗ್ಲೋರಿಯಾರ ಮನೆಗೇ ಬರುತ್ತಿದ್ದರು. ಬಂದವರಿಗೆ ಮೊದಲು ಚಹಾ, ಆಮೇಲೆ ಕೆಲಸ. ದೇಶದ ಮೊಹರು ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಶಾಯಿಯ ಪ್ಯಾಡಿನ ಜೊತೆ ಇರುತ್ತಿತ್ತು. ಕೊಟ್ಟ ಪ್ರತಿಯೊಂದು ಕಾಗದವನ್ನೂ ಗಟ್ಟಿ ರಟ್ಟಿನ ರಿಜಿಸ್ಟರಿನಲ್ಲಿ ತಾರೀಕು ಸಮೇತ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅದರಲ್ಲಿ ಒಂದು ಚಿತ್ತೂ ಇರಲಿಲ್ಲ.

ಇಲ್ಲಿಯ ಕನ್ನಡ ಸಂಘದವರಿಗೆ ಈ ಸಂಗತಿ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದರೂ ಯಾರೂ ಲೆಕ್ಕಕ್ಕಿಟ್ಟುಕೊಂಡಿರಲಿಲ್ಲ. ಸಂಘದ ಸಮಾರಂಭಗಳಲ್ಲಿ ಗ್ಲೋರಿಯಾ ಊಟದ ಕೂಪನ್ ಹರಿದು ಕೊಡುವವರು. ದೊಡ್ಡವರೂ ಚಿಕ್ಕವರೂ ಅವರನ್ನು ಗುರುತಿಸುತ್ತಿದ್ದದ್ದು ಹಾಗೆಯೇ.

ಈ ಬೇಸಿಗೆಯಲ್ಲಿ ಅಟೆಲಾಳಿಂದ ಪತ್ರ ಬಂತು. ಶುಕ್ರವಾರಕ್ಕೆ ಗ್ಲೋರಿಯಾರ ಅವಧಿ ಮುಗಿಯುತ್ತದೆ, ಶನಿವಾರದಿಂದ ಶ್ರೀ ಶಶಾಂಕ್ ಅವರು ಕಾನ್ಸಲ್, ಮೊಹರು ಮತ್ತು ರಿಜಿಸ್ಟರನ್ನು ಅವರಿಗೆ ಒಪ್ಪಿಸತಕ್ಕದ್ದು. ರೆಡ್‌ಮಂಡ್‌ನ ಎಜುಕೇಶನ್ ಹಿಲ್‌ನಲ್ಲಿ ದೊಡ್ಡ ಮನೆ, ಸ್ವಂತ ಕಂಪೆನಿ ಇರುವ ಬೆಂಗಳೂರಿನ ಶಶಾಂಕ್ ಹಿಂದಿನ ಚಳಿಗಾಲದಲ್ಲಿ ಹವಳದ ದಂಡೆಯಲ್ಲಿ ಸ್ಕೂಬಾ ಡೈವಿಂಗ್ ಮಾಡಲೆಂದು ಲೊಮಾವೆಗೆ ಹೋಗಿದ್ದ. ಎರಡು ವರ್ಷದಿಂದ ಇಂಜಿನ್ ಕೆಟ್ಟು ಕಟ್ಟೆಗೆ ಕಟ್ಟಿ ಹಾಕಿದ್ದ ಗಸ್ತು ದೋಣಿಯನ್ನು ಅಲ್ಲಿ ಕಂಡು, ಎರಡು ಹೊಸ ಇಂಜಿನ್ ದಾನ ಮಾಡಿದ್ದ. ದಾನಕ್ಕೆ ಪ್ರತಿಯಾಗಿ ಏನು ಬೇಕೆಂದು ಅಲ್ಲಿಯ ಸರ್ಕಾರದವರು ಕೇಳಿದ್ದರು, ಕಾನ್ಸಲ್ ಪದವಿ ಎಂದು ಇವನು ಹೇಳಿದ್ದ. ನೇಮಕದ ಪತ್ರ ಕೈಗೆ ಬರುವ ಮೊದಲೇ ಕಾನ್ಸಲ್‌ಗಳ ಕಾರಿಗೆ ಸಿಗುವ ವಿಶೇಷ ನಂಬರ್ ಪ್ಲೇಟಿನ ವಿಚಾರ ತಿಳಿಯಲು ಗ್ಲೋರಿಯಾರಿಗೇ ಫೋನು ಮಾಡಿದ್ದ. ಮಾತಿನ ನಡುವೆ ಲೊಮಾವೆಯ ರಾಜಧಾನಿಯ ಹೆಸರು ಅವನಿಗೆ ನೆನಪಾಗಲಿಲ್ಲ. ಅಂದು ಫೋನು ಇಟ್ಟ ಮೇಲೆ ಗ್ಲೋರಿಯಾ ಎದ್ದು ಹೋಗಿ ಕೈ ತೊಳೆದುಕೊಂಡಿದ್ದರು.

ಶನಿವಾರ ಸಂಜೆ ಐದಕ್ಕೆ ಅವನಿಗೆ ಸಂಘದ ಸನ್ಮಾನ, ಅದೇ ವೇದಿಕೆಯಲ್ಲಿ ಮೊಹರಿನ ಹಸ್ತಾಂತರ ಎಂದು ನಿಶ್ಚಯವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಸಂಘದ ಕಾರ್ಯದರ್ಶಿ ಪುರಂದರ ರಿಜಿಸ್ಟರ್ ಒಯ್ಯಲು ಬಂದರು. ಕುಂದಾಪುರದವರು, ಅದೇ ಕಟ್ಟಡದಲ್ಲಿ ಕೆಳಗಿನ ಮನೆ; ಊರ ಕಡೆಯ ರೂಢಿಯಂತೆ ಗ್ಲೋರಿಯಾರನ್ನು ‘ಬಾಯಿ’ ಎಂದು ಕರೆಯುವವರು. ಅವರು ಕುರ್ಚಿಯಲ್ಲಿ ಕುಳಿತುಕೊಳ್ಳುವುದಕ್ಕೂ ತೊಮಾಸಿ ಬಾಗಿಲು ತಟ್ಟುವುದಕ್ಕೂ ಸರಿಹೋಯಿತು.

ತೊಮಾಸಿ ಲೊಮಾವೆಯ ಒಂಬತ್ತು ನಾವಿಕರಲ್ಲಿ ಒಬ್ಬ. ಇಂಜಿನ್ ದುರಸ್ತಿ ಕಲಿಯಲು ಸರ್ಕಾರ ಅವನನ್ನು ಎವರೆಟ್‌ಗೆ ಕಳಿಸಿತ್ತು. ಮೊದಲ ಬಸ್ಸು ಹಿಡಿದು ಬಂದಿದ್ದ. ಬಾಗಿಲಲ್ಲೇ ನಿಂತು, ಅಪ್ಪ ಹೋದರು ಎಂದ. ಸಂಜೆ ನಾಲ್ಕರ ವಿಮಾನಕ್ಕೆ ಟಿಕೆಟ್ ಆಗಿತ್ತು. ಆದರೆ ಅವಧಿ ಮುಗಿದ ಪಾಸ್‌ಪೋರ್ಟ್ ನವೀಕರಣಕ್ಕೆಂದು ನ್ಯೂಯಾರ್ಕಿಗೆ ಹೋಗಿತ್ತು. ವಾರಾಂತ್ಯದಲ್ಲಿ ಅಲ್ಲಿ ಫೋನು ಎತ್ತುವವರಿರಲಿಲ್ಲ. ಕಾನ್ಸಲ್ ಕೊಡುವ ಒಂದು ಹಾಳೆಯ ತುರ್ತು ಪ್ರಯಾಣಪತ್ರ ಸಿಕ್ಕಿದರೆ ಸಾಕಾಗಿತ್ತು.

ಉಳಿದದ್ದನ್ನು ಗ್ಲೋರಿಯಾರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಲ್ಲಿ ತಂದೆಯ ಮೇಲೆ ಮೊದಲ ಹಿಡಿ ಮರಳು ಹಾಕಬೇಕಾದವನು ಹಿರಿಯ ಮಗ. ಆಸ್ಪತ್ರೆಯ ಶೈತ್ಯ ಪೆಟ್ಟಿಗೆಯಲ್ಲಿ ಹೆಣ ನಾಲ್ಕು ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ. ಕರೆಂಟು ಹೋದರೆ ಅಷ್ಟೂ ಇಲ್ಲ. ಸೋಮವಾರಕ್ಕೆ ಮಣ್ಣು ಮಾಡಲೇಬೇಕು. ಹೊನೊಲುಲುವಿನಿಂದ ಲೊಮಾವೆಗೆ ವಾರಕ್ಕೆ ಎರಡೇ ವಿಮಾನ. ಇಂದು ಸಂಜೆ ನಾಲ್ಕರದರಲ್ಲಿ ಹೊರಡದಿದ್ದರೆ ನಾಳೆಯದು ಸಿಗದು; ಅದು ತಪ್ಪಿದರೆ ಇನ್ನು ಗುರುವಾರ.

ಡಬ್ಬಿ ಮೇಜಿನ ಮೇಲೇ ಇತ್ತು. ಆದರೆ ಅಧಿಕಾರ ನಿನ್ನೆಗೇ ಮುಗಿದಿತ್ತು. ಗ್ಲೋರಿಯಾ ಶಶಾಂಕ್‌ಗೆ ಫೋನು ಮಾಡಿದರು. ಅವನು ಸಭಾಂಗಣದಲ್ಲಿ ಮೈಕು ಪರೀಕ್ಷೆ ಮಾಡಿಸುತ್ತಿದ್ದ. ಮನೆಯವರೆಗೆ ಬಂದು ಒಂದು ಸಹಿ ಹಾಕಿ ಹೋಗಲು ಆಗುತ್ತದೆಯೇ, ಇಲ್ಲವಾದರೆ ನಾವೇ ಅಲ್ಲಿಗೆ ಬರುತ್ತೇವೆ ಎಂದರು.

“ಆಂಟಿ, ಪರ್ಫೆಕ್ಟ್ ಟೈಮಿಂಗ್. ಸಾಯಂಕಾಲ ಸ್ಟೇಜ್ ಮೇಲೇ ಕೊಡೋಣ. ನನ್ನ ಫಸ್ಟ್ ಅಫಿಷಿಯಲ್ ಕೆಲಸ ಅದೇ ಆಗ್ಲಿ. ಟಿಕೆಟ್ ನಾನು ರೀಬುಕ್ ಮಾಡಿಸ್ತೀನಿ, ಬಿಸಿನೆಸ್ ಕ್ಲಾಸ್.”

ಹೊನೊಲುಲುವಿನ ವಿಮಾನದ ಕಥೆಯನ್ನೂ ಹೆಣದ ಕಥೆಯನ್ನೂ ಗ್ಲೋರಿಯಾ ಬಿಡಿಸಿ ಹೇಳಿದರು. ಅವನು ಶಾಂತವಾಗಿ ಕೇಳಿಸಿಕೊಂಡ.

“ಫಾದರ್ ತೀರ್ಕೊಂಡಿದಾರಾ? ಸೋ ಸ್ಯಾಡ್. ಆದ್ರೆ ನೋಡಿ ಆಂಟಿ, ಅದಕ್ಕೇ ಇನ್ನೂ ಮೀನಿಂಗ್‌ಫುಲ್ ಆಗುತ್ತೆ. ಒಂದಿನ ಹೆಚ್ಚು ಕಮ್ಮಿ ಆದ್ರೆ ಅಲ್ಲಿ ಅಡ್ಜಸ್ಟ್ ಮಾಡ್ಕೋತಾರೆ ಬಿಡಿ.”

ಗ್ಲೋರಿಯಾ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ಹೆರಿಗೆಯ ಕೋಣೆಯಲ್ಲಿ ಕಾಣಬಾರದ್ದನ್ನೆಲ್ಲ ಕಂಡ ಹೆಂಗಸು ಅವರು. ಅಲ್ಲೆಲ್ಲೂ ಹೀಗೆ ಹೇಸಿಗೆಯೆನಿಸಿರಲಿಲ್ಲ. ಸೋಫಾದ ಅಂಚಿನಲ್ಲಿ ಟೋಪಿಯನ್ನು ತೊಡೆಯ ಮೇಲಿಟ್ಟು ಕುಳಿತಿದ್ದ ತೊಮಾಸಿಗೆ ಈ ಭಾಷೆ ತಿಳಿಯುತ್ತಿರಲಿಲ್ಲ. ಅದೊಂದು ಪುಣ್ಯ.

ಆಮೇಲೆ ಅಟೆಲಾಳಿಗೆ ಫೋನು ಹೋಯಿತು. ನಿಮ್ಮ ಹೊಸ ಕಾನ್ಸಲ್‌ಗೆ ಈಗಲೇ ಒಂದು ಮಾತು ಹೇಳು ಎಂದು ಗ್ಲೋರಿಯಾ ಕೇಳಿದರು. ಅಟೆಲಾ ಒಪ್ಪಲಿಲ್ಲ. ಅವನು ಮುಂದಿನ ತಿಂಗಳು ದೋಣಿಗೆ ರಾಡಾರ್ ಕೊಡಿಸುತ್ತಾನೆ, ಅವನ ಮನಸ್ಸು ನೋಯಿಸಲು ನನ್ನಿಂದ ಆಗದು ಎಂದಳು. ಎರಡು ವರ್ಷ ಪರದೇಶದ ಹಡಗುಗಳು ಹವಳದ ದಂಡೆಯವರೆಗೆ ಬಂದು ನಮ್ಮ ಮೀನನ್ನು ಬಾಚಿಕೊಂಡು ಹೋದವು, ನಾವು ದಡದಲ್ಲಿ ದುರ್ಬೀನು ಹಿಡಿದು ನೋಡುತ್ತ ನಿಂತಿದ್ದೆವು ಎಂದಳು. ನೀವು ನಮಗೆ ಹನ್ನೊಂದು ವರ್ಷ ಕೊಟ್ಟಿರಿ, ಅವನು ಎರಡು ಇಂಜಿನ್ ಕೊಟ್ಟ. ನಮ್ಮ ಹತ್ತಿರ ಕೊಡಲಿಕ್ಕೆ ಇದ್ದದ್ದು ಒಂದೇ ಫಲಕ. ಇಷ್ಟು ಹೇಳಿ, ಸಹಿ ಮಾಡಿ ಎಂದು ನಾನು ಹೇಳುವಂತಿಲ್ಲ, ಮಾಡಬೇಡಿ ಎಂದೂ ಈ ಫೋನಿನಲ್ಲಿ ನಾನು ಹೇಳಲಿಲ್ಲ ಎಂದು ಸೇರಿಸಿದಳು. ವಿಮಾನ ನಿಲ್ದಾಣದಲ್ಲಿ ಕಾಗದ ನೋಡುವವನು ತೊಮಾಸಿಯ ತಂದೆಯ ಜೊತೆ ಮೀನು ಹಿಡಿದವನು ಎಂಬುದನ್ನು, ಸುಮ್ಮನೆ ನೆನಪಾದವಳಂತೆ, ತಿಳಿಸಿದಳು.

ಗ್ಲೋರಿಯಾ ಡಬ್ಬಿ ತೆರೆದರು. ಹಾಳೆಯ ಮೇಲೆ ಹೆಸರು, ಊರು, ಕಾರಣ ಬರೆದರು. ಪುರಂದರ ಕುರ್ಚಿಯಿಂದ ಮುಂದಕ್ಕೆ ಬಾಗಿದರು.

“ನಿನ್ನೆಯ ತಾರೀಕು ಹಾಕಿ, ಬಾಯಿ. ಯಾರಿಗೆ ಗೊತ್ತಾಗ್ತದೆ?”

“ನಿನ್ನೆ ಇವ ಬರ್ಲಿಲ್ಲ ಮಾರಾಯ್ರೆ. ಇವತ್ತು ಬಂದದ್ದು.”

“ಹಾಗಾದ್ರೆ ತಪ್ಪು ನಿಮ್ಮ ತಲೆ ಮೇಲೆ ಬರ್ತದೆ.”

“ಬರ್ಲಿ. ಹನ್ನೊಂದು ವರ್ಷದಲ್ಲಿ ಸುಳ್ಳು ಬರೀಲಿಲ್ಲ. ಆ ಶಶಾಂಕ್‌ಗೋಸ್ಕರ ಈಗ ಬರೆಯುದಾ?”

ಶನಿವಾರದ ತಾರೀಕನ್ನೇ ಹಾಕಿ, ಸಹಿ ಮಾಡಿ, ಮೊಹರು ಒತ್ತಿ, ರಿಜಿಸ್ಟರಿನಲ್ಲಿ ಕೊನೆಯ ಸಾಲು ಬರೆದರು. ತೊಮಾಸಿ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಪುರಂದರ ಅವನ ಚೀಲ ಎತ್ತಿಕೊಂಡು ರೈಲು ನಿಲ್ದಾಣದವರೆಗೆ ನಡೆದರು.

ಸಂಜೆಯ ಸಭಾಂಗಣದಲ್ಲಿ ಮುನ್ನೂರು ಜನ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಶಶಾಂಕ್‌ನ ಮುಖ ಲೊಮಾವೆಯ ಬಾವುಟಕ್ಕಿಂತ ದೊಡ್ಡದಾಗಿತ್ತು; ಬಾವುಟವೂ ಎಡಬಲ ಅದಲು ಬದಲಾಗಿತ್ತು. ಶಾಲು, ಮೈಸೂರು ಪೇಟ, ಫಲತಾಂಬೂಲ ಎಲ್ಲ ಆಯಿತು. ಒಂದು ರಾಷ್ಟ್ರದ ನೌಕಾಬಲಕ್ಕೆ ಚೈತನ್ಯ ತುಂಬಿದ ಕನ್ನಡಿಗ ಎಂದು ನಿರೂಪಕಿ ಓದಿದಳು. ಗಸ್ತು ದೋಣಿಯ ಆಕಾರದ ಕೇಕು ತಂದು, ಸಮುದ್ರವೆಂದು ಬಳಿದ ನೀಲಿ ಕ್ರೀಮಿನ ನಡುವೆ ಅದನ್ನು ಚಾಕುವಿನಿಂದ ಎರಡು ಹೋಳು ಮಾಡಿದರು. ತಿಂದವರ ತುಟಿ, ಹಲ್ಲು, ನಾಲಿಗೆ ಎಲ್ಲ ನೀಲಿಯಾಗಿ, ನಕ್ಕಾಗಲೆಲ್ಲ ಕಾಣುತ್ತಿತ್ತು. ಗ್ಲೋರಿಯಾ ಮುಖ ತಿರುಗಿಸಿದರು. ಒಂದು ದೇಶದ ಇದ್ದೊಂದು ದೋಣಿಯನ್ನು ಈ ಜನ ನೆಕ್ಕುತ್ತಿದ್ದಾರೆ ಎನ್ನಿಸಿತು.

ಈಗ ಹಸ್ತಾಂತರ, ನಮ್ಮೆಲ್ಲರ ಪ್ರೀತಿಯ ಊಟದ ಕೂಪನ್ ಗ್ಲೋರಿಯಾ ಆಂಟಿ ವೇದಿಕೆಗೆ ಬರಬೇಕು ಎಂದು ನಿರೂಪಕಿ ಕರೆದಳು. ಜನ ನಕ್ಕು ಚಪ್ಪಾಳೆ ತಟ್ಟಿದರು. ಅವರ ಹೆಗಲಿಗೂ ಒಂದು ಶಾಲು ಬಿತ್ತು. ಡಬ್ಬಿಯನ್ನೂ ರಿಜಿಸ್ಟರನ್ನೂ ಅವರು ಶಶಾಂಕ್‌ನ ಕೈಗಿಟ್ಟರು. ತೊಮಾಸಿ ಎಲ್ಲಿ ಎಂದು ಅವನು ಸಭೆಯತ್ತ ಕಣ್ಣಾಡಿಸಿದ. ಛಾಯಾಗ್ರಾಹಕ ಪುಸ್ತಕ ತೆರೆದು ಹಿಡಿಯಲು ಹೇಳಿದಾಗ ತೆರೆದ. ಕೊನೆಯ ಸಾಲು ಕಣ್ಣಿಗೆ ಬಿತ್ತು. ಮುಖದ ನಗು ಅಲುಗದಂತೆ, ತುಟಿಯ ಅಂಚಿನಲ್ಲೇ ಕೇಳಿದ.

“ಆಂಟಿ, ಇದು ಇವತ್ತಿನ ಡೇಟು. ನಿಮಗೆ ಪವರ್ ಇರ್ಲಿಲ್ಲ ಅಲ್ವಾ?”

“ಇರ್ಲಿಲ್ಲ,” ಎಂದರು ಗ್ಲೋರಿಯಾ. “ಸರಿಯಾಗಿ ಹಿಡ್ಕೊಳ್ಳಿ. ಫೋಟೋದಲ್ಲಿ ಬರ್ಲಿ.”

ಊಟಕ್ಕೆ ನಿಲ್ಲದೆ ಹೊರಟರು. ಹೊರಗೆ ಬಂದು ನೋಡಿದರೆ ಶಾಲಿನ ಅಂಚಿಗೆ ನೀಲಿ ಕ್ರೀಮು ಮೆತ್ತಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತಿ ಸಭಾಂಗಣದ ಬಾಗಿಲ ಹಿಡಿಗೆ ತೂಗುಹಾಕಿದರು. ಮನೆಗೆ ಬಂದ ಮೇಲೆ ಪುರಂದರ ಸ್ಕ್ರೂಡ್ರೈವರ್ ತಂದು ಬಾಗಿಲ ಫಲಕವನ್ನು ಬಿಚ್ಚಿ ಕೊಟ್ಟರು.

ಸೋಮವಾರ ಸಂಜೆ ಗ್ಲೋರಿಯಾರಿಗೆ ಹತ್ತು ನಿಮಿಷದ ಅಂತರದಲ್ಲಿ ಎರಡು ಸಂದೇಶ ಬಂದವು. ಎರಡೂ ಅಟೆಲಾಳವೇ. ಮೊದಲನೆಯದು ಸರ್ಕಾರದ ಪತ್ರ: ಅವಧಿ ಮುಗಿದ ಮೇಲೆ ಮೊಹರು ಬಳಸಿದ ಮಾಜಿ ಕಾನ್ಸಲ್‌ರ ವರ್ತನೆಯನ್ನು ಇಲಾಖೆ ತೀವ್ರವಾಗಿ ಖಂಡಿಸುತ್ತದೆ, ಶ್ರೀ ಶಶಾಂಕ್ ಅವರ ದೂರನ್ನು ದಾಖಲಿಸಿಕೊಂಡಿದೆ. ಪ್ರತಿ ಅವನಿಗೂ ಹೋಗಿತ್ತು. ಓದಿದ ಪುರಂದರ ಕೆಂಡವಾದರು. ಇವಳ ಮಕ್ಕಳನ್ನು ಎತ್ತಿದವರು ನೀವು, ಎಂತಹ ಕೃತಘ್ನ ಹೆಂಗಸು ಎಂದರು.

“ಹೀಗೆ ಬರೆಯದಿದ್ರೆ ರಾಡಾರ್ ಬರುದಿಲ್ಲ,” ಎಂದರು ಗ್ಲೋರಿಯಾ. ಹೇಳಿದ ಮಾತು ಅವರಿಗೇ ಹೇಸಿಗೆಯೆನಿಸಿ ಒಂದು ಗುಟುಕು ನೀರು ಕುಡಿದರು.

ಎರಡನೆಯದರಲ್ಲಿ ಒಂದು ಅಕ್ಷರವೂ ಇರಲಿಲ್ಲ, ಒಂದು ಚಿತ್ರ ಮಾತ್ರ. ಗಸ್ತು ದೋಣಿಯ ಮೂತಿಯಲ್ಲಿ, ತಂದೆಯ ಶವಪೆಟ್ಟಿಗೆಯ ಪಕ್ಕ, ಕಪ್ಪು ಅಂಗಿ ತೊಟ್ಟ ತೊಮಾಸಿ ನಿಂತಿದ್ದ. ಅವನ ದ್ವೀಪ ರಾಜಧಾನಿಯಿಂದ ಆರು ಗಂಟೆಯ ದಾರಿ. ಕೊಬ್ಬರಿ ಸಾಗಿಸುವ ಹಡಗು ಅಲ್ಲಿಗೆ ಹೋಗುವುದು ಶುಕ್ರವಾರ ಮಾತ್ರ. ಅಟೆಲಾ ದೇಶದ ನೌಕಾಬಲವನ್ನೆಲ್ಲ ಒಂದು ಮಣ್ಣಿಗೆ ಕಳಿಸಿಕೊಟ್ಟಿದ್ದಳು. ದೋಣಿಯ ಹಿಂದೆ ಎರಡು ಇಂಜಿನ್‌ಗಳೂ ಬಿಳಿ ನೊರೆ ಎಬ್ಬಿಸುತ್ತಿದ್ದವು. ಒಂದೊಂದು ಇಂಜಿನ್ನಿನ ಮೇಲೂ ಶಶಾಂಕ್‌ನ ಕಂಪೆನಿಯ ಹೆಸರು, ಅದರ ಕೆಳಗೆ ಅವನ ನಗುಮುಖದ ಸ್ಟಿಕ್ಕರ್.

“ಥೂ, ಅಲ್ಲಿಗೂ ಹೋಗಿ ಅಂಟಿಕೊಂಡಿದ್ದಾನೆ ನೋಡಿ, ಬಾಯಿ,” ಎಂದರು ಪುರಂದರ.

ಗ್ಲೋರಿಯಾ ಕನ್ನಡಕ ಹಾಕಿಕೊಂಡು ಚಿತ್ರವನ್ನು ದೊಡ್ಡದು ಮಾಡಿ, ರಾಯ್ಸ್ಟನ್ ನೋಡುತ್ತಿದ್ದ ಹಾಗೆ ನೊರೆಯನ್ನೂ ದೋಣಿಯ ವಾಲುವಿಕೆಯನ್ನೂ ಬಹಳ ಹೊತ್ತು ನೋಡಿದರು.

“ಉಪ್ಪು ನೀರಲ್ವಾ, ಸ್ಟಿಕ್ಕರ್ ಎರಡು ತಿಂಗಳಲ್ಲಿ ಕಿತ್ತು ಹೋಗ್ತದೆ,” ಎಂದರು. ಕಹಿ ಮದ್ದನ್ನು ನುಂಗಿದವರಂತೆ ಮುಖ ಹಿಂಡಿಕೊಂಡು ಮತ್ತೆ ಹೇಳಿದರು: “ಇಂಜಿನ್ ಒಳ್ಳೇದುಂಟು.”