ಮಾವನವರ ಆಣೆ, ಮಾರೇನಹಳ್ಳಿ ಕೆರೆಯ ಕೊರಮೀನು

ಮದುವೆಯಾಗಿ ಮಾರೇನಹಳ್ಳಿಗೆ ಬಂದಾಗ ನನಗೆ ಚೆನ್ನಾಗಿ ಬರುತ್ತಿದ್ದದ್ದು ಎರಡೇ ವಿದ್ಯೆ. ಒಂದು ರಂಗೋಲಿ, ಇನ್ನೊಂದು ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು. ನಮ್ಮಪ್ಪನ ಮನೆ ಅಕ್ಕಿಪೇಟೆ. ಅಲ್ಲಿ ಮೀನು ಅಂದರೆ ಮಾರ್ಕೆಟ್ಟಿನಿಂದ ಮುತ್ತುಗದೆಲೆಯಲ್ಲಿ ಸುತ್ತಿಕೊಂಡು ಬರುವ ಸಾಮಾನು. ಅದು ಅದಕ್ಕೂ ಮೊದಲು ಎಲ್ಲೋ ಓಡಾಡಿಕೊಂಡಿತ್ತು, ಅದಕ್ಕೂ ಹೊಟ್ಟೆ ಹಸಿಯುತ್ತಿತ್ತು ಎಂದು ಯೋಚಿಸುವ ಪ್ರಸಂಗ ನನಗೆ ಬಂದಿರಲಿಲ್ಲ.

ಇದು ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರದಲ್ಲಿ ಸೈಟುಗಳಿಗೆ ಕಲ್ಲು ನೆಡುತ್ತಿದ್ದರು. ನಮ್ಮ ಕಡೆ ಎಲ್ಲ ರಾಗಿ ಹೊಲ, ಹೊಂಗೆ ಮರ, ಊರ ಕೆರೆ. ನನ್ನ ಗಂಡ ಮಿಲ್ಲಿನ ಕೆಲಸಕ್ಕೆ ಬೆಳಿಗ್ಗೆ ಸೈಕಲ್ ಹತ್ತಿದರೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು, ಅತ್ತೆ, ಮಾವ.

ಅತ್ತೆಗೆ ಮುಂದಿನ ಎರಡು ಹಲ್ಲು ಬಿದ್ದುಹೋಗಿದ್ದವು, ಆದರೆ ಬಾಯಿ ಜೋರಾಗಿತ್ತು. ಕೆರೆಯಲ್ಲಿ ಗಾಳ ಹಾಕುವುದರಲ್ಲಿ ಊರಿನ ಗಂಡಸರು ಅವರ ಹತ್ತಿರ ಬರುವಂತಿರಲಿಲ್ಲ. ಬರುವಂತಿದ್ದವರು ಒಬ್ಬರೇ, ನಮ್ಮ ಮಾವ. ಆದರೆ ಅವರು ನಾನು ಬರುವ ಮೊದಲೇ ಧನುರ್ಮಾಸದಲ್ಲಿ ಕೊರಳಿಗೆ ತುಳಸಿಮಣಿ ಹಾಕಿಸಿಕೊಂಡು, ಇನ್ನು ಮೀನು ಮಾಂಸ ಮುಟ್ಟುವುದಿಲ್ಲ ಎಂದು ಭಜನೆ ಮನೆಯಲ್ಲಿ ಆಣೆ ಮಾಡಿಬಿಟ್ಟಿದ್ದರು. ಊರಿನವರ ಪ್ರಕಾರ ಅವರಿಗೆ ಭಕ್ತಿ ಬಂದಿತ್ತು. ಅತ್ತೆಯ ಪ್ರಕಾರ ಹೊಟ್ಟೆನೋವು ಬಂದಿತ್ತು.

ಆಣೆಯ ಪರಿಣಾಮವಾಗಿ ಮೀನು ಹೊಸ್ತಿಲು ದಾಟುವಂತಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಇಟ್ಟು, ಬೇರೆ ಮಡಕೆಯಲ್ಲಿ ಬೇಯಿಸಬೇಕಿತ್ತು. "ಅವರು ವೈಕುಂಠಕ್ಕೆ ಹೋಗ್ಲಿ, ಹೊಗೆ ಕುಡಿಯೋದು ಮಾತ್ರ ನಾವು," ಎಂದು ಅತ್ತೆ ಕಣ್ಣೊರೆಸಿಕೊಂಡು ಒಲೆ ಊದುತ್ತಿದ್ದರು.

ಶಿವರಾತ್ರಿ ಕಳೆದ ಮೇಲಿನ ಸೋಮವಾರ ಅತ್ತೆ ನನ್ನನ್ನು ಬಚ್ಚಲ ನೀರು ಹರಿಯುವ ಜಾಗಕ್ಕೆ ಕರೆದುಕೊಂಡು ಹೋಗಿ ಕೈಗೆ ಕುಡುಗೋಲು ಕೊಟ್ಟರು. ಮಣ್ಣು ಕೆದಕಿದರೆ ಎರೆಹುಳು. ನಾನು ಕಿರುಚಿದೆ.

"ಅದು ಕಚ್ಚಾಕಿಲ್ಲ ಕಣಮ್ಮಿ. ಹಲ್ಲಿಲ್ಲ ಅದಕ್ಕೆ, ನನ್ನಂಗೆ."

"ಅತ್ತೆ, ನನಗೆ ಆಗಲ್ಲ."

"ತಿನ್ನಕ್ಕೆ ಆಯ್ತದಲ್ಲ? ಹಂಗಾದ್ರೆ ಹಿಡಿಯಕ್ಕೂ ಆಯ್ತದೆ."

ಅಂದಿನಿಂದ ಬಟ್ಟೆ ಒಗೆಯುವ ನೆಪದಲ್ಲಿ ನಮ್ಮ ದಂಡಯಾತ್ರೆ ಶುರುವಾಯಿತು. ನೆಪ ಯಾಕೆ ಬೇಕಿತ್ತೋ ತಿಳಿಯದು, ಊರಿಗೆಲ್ಲ ಗೊತ್ತಿತ್ತು. ಬಟ್ಟೆಗಂಟಿನಿಂದ ಎರಡಾಳುದ್ದದ ಬಿದಿರು ಕಡ್ಡಿ ಹೊರಗೆ ಚಾಚಿಕೊಂಡಿದ್ದರೆ ಯಾರಿಗೆ ತಾನೇ ಗೊತ್ತಾಗುವುದಿಲ್ಲ?

ಅತ್ತೆಯ ಪಾಠ ಬೈಗುಳದ ನಡುವೆ ಬರುತ್ತಿತ್ತು. ಚಳಿಗಾಲದಲ್ಲಿ ಮೀನು ತಳಕ್ಕೆ ಅಂಟಿಕೊಂಡು ಮಲಗಿರುತ್ತದಂತೆ. ಶಿವರಾತ್ರಿ ದಾಟಿ ನೀರು ಬೆಚ್ಚಗಾದ ಮೇಲೆ ಹಸಿವು ಕೆದರಿ ದಡದ ಕಡೆ ಬರುತ್ತದೆ. ಹೊತ್ತು ಹುಟ್ಟಿದಾಗಿನಿಂದ ಬಿಸಿಲು ಏರಿಯ ಕಲ್ಲು ಸುಡುವವರೆಗೆ ಮಾತ್ರ ಕೂರಬೇಕು, ಆಮೇಲೆ ಕೂತರೆ ತಲೆನೋವೇ ಲಾಭ. ಎಮ್ಮೆ ಇಳಿದು ನೀರು ಕದಡಿದ ಜಾಗ ಒಳ್ಳೆಯದು, ಕೆಸರಿನ ಹುಳ ಎದ್ದಿರುತ್ತದೆ. ನಮ್ಮ ನೆರಳು ನೀರಿನ ಮೇಲೆ ಬೀಳಬಾರದು. ಬಳೆ ಸದ್ದು ಕೂಡದು. ನಾನು ಹೊಸ ಮದುಮಗಳು, ಮೊಣಕೈವರೆಗೆ ಬಳೆ; ಅವಕ್ಕೆಲ್ಲ ಹಳೆ ಸೀರೆಯ ಚಿಂದಿ ಸುತ್ತಿ ಗಾಯವಾದವಳ ಹಾಗೆ ಕೂರಿಸಿದರು.

"ನೀರ ಮ್ಯಾಲೆ ತೇಲೋ ಬೆಂಡು ಒಂದು ಸಲ ಮುಳುಗಿದ್ರೆ ಎಳೀಬ್ಯಾಡ, ಅದು ಮೂಸಿ ನೋಡ್ತಾ ಅದೆ. ಪಕ್ಕಕ್ಕೆ ಓಡಿದ್ರೆ ಎಳಿ."

ಮೀನು ಮೂಸಿದಾಗ ನಾನು ಎಳೆದು, ಓಡಿದಾಗ ನೋಡುತ್ತ ಕೂತು, ಮೊದಲ ಹತ್ತು ದಿನದಲ್ಲಿ ಒಂದು ಏಡಿಯನ್ನೂ ಅತ್ತೆಯ ಸೆರಗನ್ನೂ ಹಿಡಿದೆ.

ಮಾವ ದಿನಾ ಬೆಳಿಗ್ಗೆ ಭಜನೆ ಮನೆಯ ಪೂಜೆಗೆ ಹೂವು ಕೀಳಲು ಏರಿಯ ಮೇಲೆ ಬರುತ್ತಿದ್ದರು. ಹಣೆಯಲ್ಲಿ ನಾಮ, ಕೈಯಲ್ಲಿ ಬುಟ್ಟಿ, ಬಾಯಲ್ಲಿ ರಾಮನಾಮ. ನಮ್ಮನ್ನು ಕಂಡರೆ ಮುಖ ಅತ್ತ ತಿರುಗಿಸಿ ಹೋಗುತ್ತಿದ್ದರು. ಹನ್ನೊಂದನೇ ದಿನ ರಾಮನಾಮ ಅರ್ಧಕ್ಕೆ ನಿಂತಿತು.

"ನೋಡವ್ವಾ, ಎರಡು ಮೊಳ ನೀರಿಗೆ ನಾಲ್ಕು ಮೊಳ ದಾರ ಬಿಟ್ಟಿದ್ದೀಯಲ್ಲ. ಹುಳ ಕೆಸರಲ್ಲಿ ಮಲಗಿರ್ತದೆ. ಬೆಂಡು ಕೆಳಕ್ಕೆ ಜಾರಿಸು."

ಅತ್ತೆ ತಿರುಗಿದರು. "ನೀವು ಮುಟ್ಟಾಕಿಲ್ಲ ಅಂತ ಆಣೆ ಮಾಡಿಲ್ವಾ?"

"ಮುಟ್ಟಿದ್ನಾ? ಬಾಯಲ್ಲಿ ಹೇಳಿದೆ."

ನಾನು ಬೆಂಡು ಜಾರಿಸಿದೆ. ಸ್ವಲ್ಪ ಹೊತ್ತಿಗೆ ಅಂಗೈಯಷ್ಟು ಒಂದು ಗೆಂಡೆ ಮೀನು ಬಂತು. ಅತ್ತೆಯ ಮುಖ ನೋಡಬೇಕಿತ್ತು.

ಆಮೇಲೆ ಮಾವ ದಿನಾ ಬಂದು ಏರಿಯ ಮೇಲೆ ಕೂರತೊಡಗಿದರು. ಗೆಂಡೆಗೆ ಹುಳಕ್ಕಿಂತ ರಾಗಿ ಮುದ್ದೆಗೆ ಕಡಲೆಕಾಯಿ ಹಿಂಡಿ ನಾದಿದ ಉಂಡೆ ಮೇಲು ಎನ್ನುವರು. ಗಾಳಿ ಯಾವ ಕಡೆಗೆ ಬೀಸುತ್ತದೋ ಆ ದಡಕ್ಕೆ ಹೋಗಿ ಕೂರಿ, ತಿನ್ನುವುದೆಲ್ಲ ಅಲ್ಲಿಗೆ ತೇಲಿಬರುತ್ತದೆ ಎನ್ನುವರು. ಅತ್ತೆ ಅದರ ಉಲ್ಟಾ ಹೇಳುವರು. ಅತ್ತೆಗೆ ಸಿಟ್ಟು ಕಡಿಮೆಯಿದ್ದರೆ ಗಂಡನಿಗೆ 'ನೀವು', ಏರಿದರೆ 'ನೀನು'. ನನಗೆ ಅದೊಂದು ಥರ್ಮಾಮೀಟರ್ ಆಗಿತ್ತು. ಇಬ್ಬರ ಕೂಗಾಟಕ್ಕೆ ಕೆರೆಯ ಮೀನೆಲ್ಲ ಆಚೆ ದಡಕ್ಕೆ ಹೋಗಿರಬೇಕು. ಆಚೆ ದಡದಲ್ಲಿ ಗಾಳ ಹಾಕುತ್ತಿದ್ದ ಕುಂಬಾರರ ಮುದುಕ ಆ ವರ್ಷ ನಮ್ಮನ್ನು ಕಂಡಾಗಲೆಲ್ಲ ಭಾರಿ ಗೌರವದಿಂದ ಕೈಮುಗಿಯುತ್ತಿದ್ದ.

ಯುಗಾದಿಗೆ ಇನ್ನೆರಡು ದಿನ ಇರುವಾಗ ಸಂಜೆ ಒಂದು ಜೋರು ಮಳೆ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಹೊಸ ನೀರು ಕೆಂಪಗೆ ಕೆರೆಗೆ ಇಳಿಯುತ್ತಿತ್ತು. ಮಾವನ ಕಣ್ಣು ಹೊಳೆಯಿತು.

"ಇವತ್ತು ಕೊರಮೀನು ಬರ್ತದೆ. ಜೊಂಡಿನ ಪಕ್ಕ. ಕಪ್ಪೆಮರಿ ಹಾಕಬೇಕು. ಅಗೋ, ಆ ಕಲ್ಲಿನ ಮಗ್ಗುಲಲ್ಲಿ ಕೂತದೆ ನೋಡು."

"ಹುಳಾನೇ ಹಾಕಮ್ಮಿ," ಎಂದರು ಅತ್ತೆ.

"ಕೊರಮೀನಿಗೆ ಹುಳ ಅಂದ್ರೆ ಹಸಿದೋನಿಗೆ ಒಂದಗುಳು ಅನ್ನ ಕೊಟ್ಟಂಗೆ."

"ನೀನ್ ಸುಮ್ಕಿರು! ಹೂವು ಕಿತ್ಕೊಂಡು ಹೋಗು!"

ಇಬ್ಬರೂ ನನ್ನನ್ನು ನೋಡಿದರು. ಹೂಂ ಅನ್ನುವುದು ಯಾರಿಗೆ? ಎರೆಹುಳಕ್ಕೆ ಕಿರುಚಿದ್ದ ನಾನು ಬಗ್ಗಿ ಕಪ್ಪೆಮರಿ ಹಿಡಿದೆ. ಅತ್ತೆ ಮಾತಾಡದೆ ಸೊಂಟದಿಂದ ಎಲೆಅಡಿಕೆ ಚೀಲ ತೆಗೆದರು. ನನಗೆ ಅದು ಬೈಗುಳಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಕಪ್ಪೆ ನೀರಿಗೆ ಬಿದ್ದು ಹತ್ತು ಎಣಿಸುವಷ್ಟರಲ್ಲಿ ಕಡ್ಡಿ ನನ್ನ ಕೈಯಿಂದ ಹಾರಿಹೋಗುವಂತಾಯಿತು. ಯಾರೋ ಕೆಳಗಿನಿಂದ ಹಗ್ಗ ಜಗ್ಗಿದ ಹಾಗೆ. ಅತ್ತೆ ಎಲೆಅಡಿಕೆ ಉಗಿದು, ಓಡಿಬಂದು ನನ್ನ ಸೊಂಟ ಹಿಡಿದರು. ಮೀನು ಜೊಂಡಿನೊಳಗೆ ನುಗ್ಗಿ ದಾರ ಸುತ್ತಿಕೊಂಡಿತು. ಬಿದಿರು ಚಟ್ ಎಂದಿತು.

"ಹೋಯ್ತು, ಹೋಯ್ತು!" ಎಂದು ಅತ್ತೆ ಕೂಗುವಷ್ಟರಲ್ಲಿ ಕಣಗಿಲೆ ಹೂವಿನ ಬುಟ್ಟಿ ನನ್ನ ತಲೆಯ ಮೇಲಿಂದ ಹಾರಿತು, ಅದರ ಹಿಂದೆ ಮಾವ. ಬಿಳಿ ಪಂಚೆ ಉಬ್ಬಿ ಒಂದು ಗಳಿಗೆ ನೀರಿನ ಮೇಲೆ ಗುಡಾರದ ಹಾಗೆ ನಿಂತಿತು. ಆಮೇಲೆ ಬರೀ ಜೊಂಡು ಅಲ್ಲಾಡಿತು. ಅತ್ತೆ ನನ್ನ ಸೊಂಟ ಬಿಟ್ಟು ನೀರಿನತ್ತ ಎರಡು ಹೆಜ್ಜೆ ಇಟ್ಟರು. ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ಅವರನ್ನು ಹಾಗೆ ನಾನು ಮತ್ತೆಂದೂ ನೋಡಲಿಲ್ಲ.

ಮಾವ ಎದ್ದರು. ನಾಮ ಅಳಿಸಿತ್ತು, ಮೀಸೆಯಲ್ಲಿ ಪಾಚಿ. ತೋಳುದ್ದದ ಕೊರಮೀನನ್ನು ಮಗುವಿನ ಹಾಗೆ ಎದೆಗೆ ಅಪ್ಪಿಕೊಂಡಿದ್ದರು. ಅದು ಬಾಲದಲ್ಲಿ ಅವರ ಕೆನ್ನೆಗೆ ಪಟಪಟ ಬಾರಿಸುತ್ತಿತ್ತು. ಅವರು ನಗುತ್ತಿದ್ದರು.

ಆಗಲೇ ಏರಿಯ ಮೇಲೆ ಭಜನೆ ಮನೆಯ ಹಿರಿಯರೊಬ್ಬರು ಬಂದು ನಿಂತಿದ್ದನ್ನು ಮೂವರೂ ಕಂಡೆವು. ಮಾವನಿಗೆ ತುಳಸಿಮಣಿ ಹಾಕಿದವರು ಅವರೇ.

ಮಾವ ಮೀನನ್ನು ಅತ್ತೆಯ ಮಡಿಲಿಗೆ ಹಾಕಿ, ನೀರು ಸುರಿಸುತ್ತ ಏರಿ ಹತ್ತಿದರು. "ನೋಡಿದ್ರಲ್ಲ. ಮುಟ್ಟಿದೆ. ಎರಡು ಕೈಯಲ್ಲೂ ಮುಟ್ಟಿದೆ."

"ಯಾಕಪ್ಪಾ?"

"ಸೊಸೆ ಗಾಳ ಮುರೀತಿತ್ತು ಸ್ವಾಮಿ. ಮನಸ್ಸು ತಡೀಲಿಲ್ಲ."

ಹಿರಿಯರು ಏರಿಯಿಂದ ಎರಡು ಹೆಜ್ಜೆ ಕೆಳಗಿಳಿದರು. ಆಮೇಲೆ ಅತ್ತೆಯ ಮಡಿಲ ಕಡೆ ಕತ್ತು ಚಾಚಿ, "ಎಷ್ಟು ತೂಗಬಹುದು?" ಎಂದರು.

ತೂಕ ಏನೇ ಇರಲಿ, ತಪ್ಪು ತಪ್ಪೇ. ಎಂಟು ದಿನ ಭಜನೆ ಮನೆ ಗುಡಿಸಬೇಕು, ಗಂಧ ತೇಯಬೇಕು, ಕೆರೆ ಕಡೆಗೆ ತಲೆ ಹಾಕಬಾರದು ಎಂದು ತೀರ್ಪಾಯಿತು. ಮೊದಲೆರಡಕ್ಕೆ ಮಾವ ತಲೆಯಾಡಿಸಿದರು. ಮೂರನೆಯದು ಕೇಳಿ ಮುಖ ಬಾಡಿತು.

ಮೀನನ್ನು ಅವರು ತಿನ್ನಲಿಲ್ಲ, ಅದನ್ನು ಹೇಳಲೇಬೇಕು. ನಾವು ಹಿತ್ತಲಲ್ಲಿ ಸಾರು ಕುದಿಸುವಾಗ ಹೊಸ್ತಿಲ ಒಳಗೆ ಮುದ್ದೆ, ಸೊಪ್ಪಿನ ಸಾರು ಇಟ್ಟುಕೊಂಡು ಕೂತಿದ್ದರು. ಗಾಳಿ ಒಳಗೆ ಬೀಸಿತು. "ಹುಣಸೆಹಣ್ಣು ಜಾಸ್ತಿಯಾಯ್ತು," ಎಂದರು. ಅತ್ತೆ ರುಚಿ ನೋಡಿದರು. ಜಾಸ್ತಿಯಾಗಿತ್ತು.

ಯುಗಾದಿ ಕಳೆದು ಮೂರು ದಿನ ನಮ್ಮ ಗಾಳಕ್ಕೆ ಏನೂ ಬೀಳಲಿಲ್ಲ. ನಾಲ್ಕನೇ ದಿನ ಅತ್ತೆ, "ಹೋಗಿ ಆವಯ್ಯನ್ನ ಕೇಳ್ಕಂಡು ಬಾ. ನಾನು ಹೇಳ್ದೆ ಅನ್ನಬ್ಯಾಡ," ಎಂದು ಮುಖ ಬೇರೆ ಕಡೆ ತಿರುಗಿಸಿಕೊಂಡರು.

ಭಜನೆ ಮನೆಯಲ್ಲಿ ಮಾವ ಗಂಧ ತೇಯುತ್ತಿದ್ದರು. ಹಿರಿಯರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ನಾನು ಪಿಸುಗುಟ್ಟಿದೆ. ಮಾವ ಹಿರಿಯರ ಕಡೆ ನೋಡಿ ತುಟಿ ಬಿಗಿದರು.

"ನಾನು ಹೋಗಬೇಡ ಅಂದೆ, ಮಾತಾಡಬೇಡ ಅಂದ್ನಾ?" ಎಂದರು ಹಿರಿಯರು, ಕಣ್ಣು ಮುಚ್ಚಿಕೊಂಡೇ.

ಮಾವ ಒಂದೇ ಉಸಿರಿಗೆ ಹೇಳಿದರು: "ಬೇಸಿಗೆ ಬಿಸಿಲು ಏರಿತವ್ವಾ. ದಡ ಬಿಟ್ಟುಬಿಡಿ. ತೂಬಿನ ಹತ್ತಿರ ಹೊಂಗೆ ನೆರಳಿದೆ, ಅಲ್ಲಿ ಆಳ. ಹೂವು ಉದುರಿ ತೇಲ್ತಿರ್ತದೆ, ಅದರ ಅಡಿಗೆ ಬಿಡು. ಹಿಂಡಿ ಉಂಡೆ."

"ಹಿಂಡಿಗೆ ಒಂದು ಚೂರು ಬೆಲ್ಲ," ಎಂದು ಹಿರಿಯರು ಸೇರಿಸಿದರು.

ಮಾರನೆ ಬೆಳಿಗ್ಗೆ ಹೊಂಗೆ ನೆರಳಲ್ಲಿ ನಾಲ್ಕು ಗೆಂಡೆ ಸಿಕ್ಕವು. ಅತ್ತೆ ಉಂಡೆಯನ್ನು ಮೂಸಿ, ನಾಲಗೆಗೆ ತಾಗಿಸಿ, "ಬೆಲ್ಲ ಹಾಕು ಅಂತ ಯಾರು ಹೇಳಿದ್ರು?" ಎಂದರು.

"ನಾನೇ ಯೋಚನೆ ಮಾಡಿದೆ ಅತ್ತೆ."

"ಸರಿ ಬಿಡು. ಮೀನು ಹಿಡಿಯೋರು ಹೇಳೋ ಸುಳ್ಳೂ ಬಂತು ನಿನಗೆ," ಎಂದು ಅತ್ತೆ ಇನ್ನೊಂದು ಉಂಡೆ ಕಟ್ಟಿ ನನ್ನ ಗಾಳಕ್ಕೇ ಸಿಕ್ಕಿಸಿದರು.