ಕಪ್ಪು ಪರದೆಯ ಹೆಂಗಸರು
ನಮ್ಮ ಯಜಮಾನರು ಕೊಳ್ಳೇಗಾಲದ ನೇಕಾರರಿಗೆ ಕಂಪ್ಯೂಟರಿನಲ್ಲಿ ಸೀರೆಯ ಡಿಸೈನ್ ಬರೆದುಕೊಡುತ್ತಾರೆ. ನನ್ನ ಸವತಿಯರೆಲ್ಲ ಇರುವುದು ಆ ಡಬ್ಬದೊಳಗೇ. ಡಿಸ್ಕನ್ನು ಪಾಲು ಮಾಡಿ, ಒಂದೊಂದು ಪಾಲಿಗೂ ಒಂದೊಂದು ಮಗ್ಗದ ಮನೆಯ ಒಡತಿಯ ಹೆಸರಿಟ್ಟಿದ್ದಾರೆ. ಮೌಸ್ ಮುಟ್ಟಿದರೆ ಮೈಲಿಗೆಯಾಗುವವರಂತೆ ಕಪ್ಪು ಪರದೆಯಲ್ಲಿ ಆ ಹೆಸರನ್ನು ಟೈಪ್ ಮಾಡುತ್ತ, ‘ಬಾರವ್ವ ಗೋವಿಂದಮ್ಮ, ಮೌಂಟ್ ಆಗವ್ವ’ ಎಂದು ರಾಗ ಎಳೆಯುತ್ತಾರೆ; ಹಾಗೆಂದರೆ ಆ ಪಾಲು ತೆರೆದುಕೊಳ್ಳುವುದಂತೆ. ಇನ್ನೊಂದು ಪಾಲು ಪುಷ್ಪ ತೆರೆದುಕೊಳ್ಳಲು ತಡಮಾಡಿದರೆ ‘ಯಾಕವ್ವ ಮುನಿಸು?’ ಎಂಬ ಉಪಚಾರ ಬೇರೆ. ನಾನು ಮುನಿಸಿಕೊಂಡರೆ ‘ಇವ್ಳೇ, ಟೀ ತಕಂಬಾ’, ಅಷ್ಟೇ. ಮದುವೆಯಾದಂದಿನಿಂದ ನನ್ನ ಹೆಸರು ಅವರ ಬಾಯಲ್ಲಿ ಬಂದಿಲ್ಲ. ಅದನ್ನೂ ಸಹಿಸಿದ್ದೆ. ಆದರೆ ಒಂದು ಪಾಲನ್ನು ಮಾತ್ರ ತುಟಿ ಪಿಟಕ್ಕೆನ್ನದೆ, ಕಳ್ಳನಂತೆ ಟೈಪ್ ಮಾಡಿ ತೆರೆಯುತ್ತಾರೆ. ಯಾವಳೋ ಅವಳು ಎಂದು ಮೊನ್ನೆ ಟೀ ಲೋಟ ಹಿಡಿದು ಬೆನ್ನ ಹಿಂದೆ ನಿಂತು ಓದಿದೆ: ಪದ್ಮಿನಿ. ನನ್ನದೇ ಹೆಸರು! ಒಳಗೆ ನಮ್ಮ ಮದುವೆಯ ಫೋಟೊಗಳು. ‘ಇವಳ್ನ ಮಾತ್ರ ಯಾಕ್ ಕೂಗಾಕಿಲ್ಲ ನೀವು?’ ಎಂದೆ. ಅವರ ಕಿವಿ ಕೆಂಪಾಯಿತು. ‘ಎಡ್ತಿ ಎಸ್ರ ಬಾಯಲ್ಲಿ ಯೋಳಕ್ಕಾಯ್ತದಾ? ಬೆರಳಲ್ಲಿ ಬರುದ್ರೆ ತಪ್ಪಿಲ್ಲ ಕಣಮ್ಮಿ’ ಎಂದರು. ಗೋವಿಂದಮ್ಮನನ್ನೂ ಪುಷ್ಪಳನ್ನೂ ಅಂದೇ ಕ್ಷಮಿಸಿಬಿಟ್ಟೆ. ಈಗ ಆ ಪದ್ಮಿನಿಯನ್ನು ಕಂಡರೇ ನನ್ನ ಹೊಟ್ಟೆ ಉರಿಯುತ್ತದೆ: ಬೆರಳಲ್ಲಾದರೂ ಹೆಸರು ಹಿಡಿದು ಕರೆಸಿಕೊಂಡು ಅವರೆದುರು ಬಂದು ನಿಲ್ಲುವವಳು ಅವಳು, ಟೀ ಮಾತ್ರ ನಾನು ಮಾಡಬೇಕು.